ಗಂಟು ನನ್ನದು, ಸುದ್ದಿ ಯಾಕೆ ಅವರಿಗೆ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಟ್ಟವರು ಮಂಗಳೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸ್ತನದ ಶಸ್ತ್ರಚಿಕಿತ್ಸೆಯನ್ನೇ ಮಾಡಿಕೊಂಡು ಬಂದಿರುವ ಒಬ್ಬರು ಸರ್ಜನ್. ಹೆಸರು ಹಾಕಬೇಡಿ ಅಂದರು. 'ಅದು ಜಾಹೀರಾತು ಆಗ್ತದೆ ಮಾರಾಯ್ರೆ' ಅನ್ನುವುದು ಅವರ ಕಾರಣ. ಕೇಳಿದವರ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಹೆಂಗಸರು ಸರ್ಜನ್ ಆಗುವುದೇ ಕಡಿಮೆ. ಅದರಲ್ಲೂ ನೀವು ಬರೀ ಸ್ತನದ ಕಾಯಿಲೆಗೇ ಯಾಕೆ ನಿಂತಿರಿ? – ಉಪನ್ಯಾಸಕಿ, ಉಡುಪಿ

ನಿಜ ಹೇಳಬೇಕೆಂದರೆ ನಾನು ಆರಿಸಿಕೊಂಡದ್ದಲ್ಲ, ನನ್ನ ತಲೆಗೆ ಕಟ್ಟಿದ್ದು. ತೊಂಬತ್ತರ ದಶಕದ ಕೊನೆ. ನಾನು ಸರ್ಜರಿಯಲ್ಲಿ ಎಂ.ಎಸ್. ಓದುತ್ತಿದ್ದೆ, ಯೂನಿಟ್‌ನಲ್ಲಿ ಒಬ್ಬಳೇ ಹುಡುಗಿ. ಗಂಟು ಅಂತ ಯಾರಾದರೂ ಹೆಂಗಸು ಒಪಿಡಿಗೆ ಬಂದರೆ ಸಾಕು, ಸೀನಿಯರ್‌ಗಳೆಲ್ಲ ಫೈಲನ್ನು ನನ್ನ ಕಡೆ ತಳ್ಳಿ 'ನೀನು ನೋಡಮ್ಮ' ಅನ್ನುತ್ತಿದ್ದರು. ಅವರಿಗೆ ಮುಜುಗರ, ನನಗೆ ಸಿಟ್ಟು. ಅವರಿಗೆ ಹೊಟ್ಟೆ, ಲಿವರ್, ದೊಡ್ಡ ದೊಡ್ಡ ಆಪರೇಶನ್. ನನಗೆ ಪರದೆ ಎಳೆದು ಪರೀಕ್ಷೆ ಮಾಡುವ ಕೆಲಸ. ಆರು ತಿಂಗಳು ಗೊಣಗಿಕೊಂಡೇ ಕಳೆದೆ.

ಆಮೇಲೆ ಒಬ್ಬರು ಬಂದರು. ಬೆಳ್ತಂಗಡಿ ಕಡೆಯವರು, ಬೀಡಿ ಕಟ್ಟುವವರು, ವಯಸ್ಸು ಐವತ್ತರ ಹತ್ತಿರ. ತಲೆ ತುಂಬಾ ಮಲ್ಲಿಗೆ. ಆಸ್ಪತ್ರೆಗೆ ಬರುವಾಗ ಯಾರೂ ಇಷ್ಟು ಹೂ ಮುಡಿಯುವುದಿಲ್ಲವಲ್ಲ ಅಂದುಕೊಂಡೆ. ರವಿಕೆ ಬಿಚ್ಚಿದಾಗ ಗೊತ್ತಾಯಿತು. ಗಂಟು ಒಡೆದು ಹುಣ್ಣಾಗಿತ್ತು. ಒಂದೂವರೆ ವರ್ಷ ಅರಸಿನ ಹಚ್ಚಿ, ಹಳೆ ಸೀರೆಯ ತುಂಡು ಕಟ್ಟಿಕೊಂಡು ಓಡಾಡಿದ್ದರು. ಮಲ್ಲಿಗೆ ಆ ವಾಸನೆ ಮುಚ್ಚಲಿಕ್ಕೆ. 'ಮೊದಲೇ ಯಾಕೆ ತೋರಿಸಲಿಲ್ಲ?' ಅಂತ ಕೇಳಿದೆ, ಜೋರಾಗಿಯೇ ಕೇಳಿದೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವರು ಎರಡು ಸಲ ಹೋಗಿದ್ದರಂತೆ. ಎರಡು ಸಲವೂ ಮೇಜಿನ ಆಚೆ ಗಂಡಸು ಡಾಕ್ಟರು ಕೂತದ್ದು ನೋಡಿ 'ಸೊಂಟ ನೋವು' ಅಂದು ಮಾತ್ರೆ ತಗೊಂಡು ವಾಪಸ್ ಬಂದಿದ್ದರು.

ಗೊಣಗುವುದು ಅಲ್ಲಿಗೇ ನಿಂತಿತು ಅಂದರೆ ಸುಳ್ಳಾಗುತ್ತದೆ. ಆದರೆ ಫೈಲು ನನ್ನ ಕಡೆ ಬಂದಾಗ ಕೈ ತಾನಾಗಿ ಮುಂದೆ ಹೋಗತೊಡಗಿತು. ಎಂ.ಎಸ್. ಮುಗಿಸಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಕಲಿಯಲು ಮುಂಬೈಗೆ ಹೋದೆ. ಪರೇಲ್‌ನಲ್ಲಿ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಹೊರಗಿನ ಫುಟ್‌ಪಾತ್ ನೋಡಿದವರಿಗೆ ಗೊತ್ತು, ದೇಶದ ಎಲ್ಲ ಮೂಲೆಯವರೂ ಅಲ್ಲಿ ಚಾಪೆ ಹಾಸಿಕೊಂಡು ಕೂತಿರುತ್ತಾರೆ. ಒಂದು ಸಂಜೆ ಅಲ್ಲಿ ತುಳು ಕೇಳಿಸಿತು. ತಾಯಿ, ಮಗಳು, ಕಾರ್ಕಳದವರು. ಊರಿನಲ್ಲೇ ಆಗುವಂಥ ಆಪರೇಶನ್‌ಗೆ ಇಷ್ಟು ದೂರ ಬಂದು ರಸ್ತೆಯಲ್ಲಿ ಕೂತಿದ್ದರು. ಕೋರ್ಸ್ ಮುಗಿದ ಕೂಡಲೇ ಮಂಗಳೂರಿಗೆ ಬಂದೆ.

ಹಾಗಂತ ಗಂಡಸು ಸರ್ಜನ್‌ಗಳ ಹತ್ತಿರ ಹೋಗಬೇಡಿ ಅಂತ ಅರ್ಥ ಮಾಡಿಕೊಳ್ಳಬೇಡಿ. ನನಗೆ ಕಲಿಸಿದವರೆಲ್ಲ ಗಂಡಸರೇ.

ಪ್ರಶ್ನೆ: ನನಗೆ 42 ವರ್ಷ. ಎಡಗಡೆ ಒಂದು ಗಂಟು ಕೈಗೆ ಸಿಗ್ತದೆ. ನೋವೇನೂ ಇಲ್ಲ. ಯಜಮಾನರು ದುಬೈಯಲ್ಲಿದ್ದಾರೆ, ಡಿಸೆಂಬರ್‌ಗೆ ಬರ್ತಾರೆ. ಆಮೇಲೆ ತೋರಿಸಿದರೆ ಆಗ್ತದಾ? – ಗೃಹಿಣಿ, ಕಾಪು

ಆಗುವುದಿಲ್ಲ. ಈ ವಾರವೇ ಹೋಗಿ.

ನೋವಿಲ್ಲ ಅನ್ನುವುದನ್ನು ನೀವು ಒಳ್ಳೆಯ ಸುದ್ದಿ ಅಂತ ಬರೆದಿದ್ದೀರಿ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ನೋವು ಇದ್ದಿದ್ದರೆ ನನ್ನ ಅರ್ಧ ಕೆಲಸ ಸುಲಭವಾಗುತ್ತಿತ್ತು, ಯಾಕೆಂದರೆ ಹಲ್ಲು ನೋವಾದರೆ ಮರುದಿನವೇ ಓಡುವವರು ನಾವು. ಹೆದರಿಸಲಿಕ್ಕೆ ಹೇಳುತ್ತಿಲ್ಲ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಇಪ್ಪತ್ತರ ಹುಡುಗಿಯರಲ್ಲಿ ಬೆರಳಿನ ಕೆಳಗೆ ಗೋಲಿಯ ಹಾಗೆ ಜಾರುವ ಫೈಬ್ರೋಅಡಿನೋಮ ಇರುತ್ತದೆ, ನಿಮ್ಮ ವಯಸ್ಸಿನಲ್ಲಿ ಬರೀ ನೀರು ತುಂಬಿದ ಸಿಸ್ಟ್ ಇರುತ್ತದೆ. ಆದರೆ ಯಾವುದು ಯಾವುದು ಅಂತ ಬೆರಳು ಮಾತ್ರ ಹೇಳಲಾರದು, ನನ್ನ ಬೆರಳೂ ಹೇಳಲಾರದು. ಕೈಯಲ್ಲಿ ಪರೀಕ್ಷೆ, ಆಮೇಲೆ ಸ್ಕ್ಯಾನ್ (ನಿಮ್ಮ ವಯಸ್ಸಿಗೆ ಮ್ಯಾಮೋಗ್ರಾಂ ಮತ್ತು ಅಲ್ಟ್ರಾಸೌಂಡ್ ಎರಡೂ), ಸಂಶಯ ಇದ್ದರೆ ಸೂಜಿ ಪರೀಕ್ಷೆ. ಇಷ್ಟೇ. ಇದಕ್ಕೆ ಯಜಮಾನರು ಬೇಕಾಗಿಲ್ಲ. ವಿಡಿಯೋ ಕಾಲ್ ಮಾಡಿ ಹೇಳಿ, ಒಬ್ಬ ಅಕ್ಕನನ್ನೋ ನಾದಿನಿಯನ್ನೋ ಜೊತೆಗೆ ಕರಕೊಂಡು ಬಸ್ಸು ಹತ್ತಿ.

ಇನ್ನೊಂದು ಸಣ್ಣ ವಿಷಯ. ಕೌಂಟರ್‌ನಲ್ಲಿ ಏನು ಹೇಳುತ್ತೀರಿ ಅನ್ನುವುದು ಮುಖ್ಯ. ನಮ್ಮಲ್ಲಿ ಸ್ತನ ಅನ್ನಲು ನಾಲಿಗೆ ಹೊರಳುವುದಿಲ್ಲ, ತುಳುವಿನಲ್ಲಿ ಮಿರೆ ಅನ್ನಲಿಕ್ಕಂತೂ ಇನ್ನೂ ಸಂಕೋಚ, ಹಾಗಾಗಿ ಎಲ್ಲರೂ 'ಎದೆಯಲ್ಲಿ ಸ್ವಲ್ಪ ತೊಂದರೆ' ಅನ್ನುತ್ತಾರೆ. ಕೌಂಟರ್‌ನ ಹುಡುಗಿ ಪಾಪ, ಹಾರ್ಟಿನ ಡಾಕ್ಟರ ಹತ್ತಿರ ಕಳಿಸುತ್ತಾಳೆ. ಇಸಿಜಿ ಮಾಡಿಸಿಕೊಂಡು, ಹಾರ್ಟು ಚೆನ್ನಾಗಿದೆ ಅನ್ನಿಸಿಕೊಂಡು, ಖುಷಿಯಲ್ಲಿ ಮನೆಗೆ ಹೋಗಿ ಮೂರು ತಿಂಗಳು ಬಿಟ್ಟು ನನ್ನ ಹತ್ತಿರ ಬಂದವರಿದ್ದಾರೆ.

ಪ್ರಶ್ನೆ: ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ, ನೇರ ಗಂಟು ತೆಗೆಸಿಬಿಡುವುದೇ ಒಳ್ಳೆಯದು ಅಂತ ನಮ್ಮ ಕಡೆ ಹೇಳ್ತಾರೆ. ಹೌದಾ? – ಅಂಗಡಿ ಮಾಲೀಕ, ಮೂಡುಬಿದಿರೆ

ಈ ಒಂದು ಮಾತಿನಿಂದ ಆದಷ್ಟು ಹಾಳು ಬೇರೆ ಯಾವುದರಿಂದಲೂ ಆಗಿಲ್ಲ ಅಂತ ನನಗೆ ಅನ್ನಿಸುತ್ತದೆ. ಸೂಜಿಯಿಂದ ರೋಗ ಕೆರಳುವುದಿಲ್ಲ, ಚುಚ್ಚಿಸಿಕೊಂಡವರ ಆಯಸ್ಸು ಕಡಿಮೆಯಾಗುವುದೂ ಇಲ್ಲ.

ನನ್ನ ದೊಡ್ಡಮ್ಮನ ಕತೆ ಹೇಳುತ್ತೇನೆ. ನಾನಿನ್ನೂ ಎಂಬಿಬಿಎಸ್‌ನಲ್ಲಿದ್ದಾಗಿನದು. ಅವರಿಗೆ ಗಂಟು ಬಂತು, ಒಂದು ನರ್ಸಿಂಗ್ ಹೋಮಿಗೆ ಹೋದರು. ಅಲ್ಲಿಯ ಡಾಕ್ಟರು ಮುಟ್ಟಿ ನೋಡಿ 'ಹಾಲಿನ ಗಂಟು' ಅಂದರು, ಅದೇ ಮಧ್ಯಾಹ್ನ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ದು ತೆಗೆದರು. ಸಂಜೆಗೆ ಮನೆ. ಎಲ್ಲರಿಗೂ ಸಂತೋಷ. ತೆಗೆದ ತುಂಡನ್ನು ಲ್ಯಾಬಿಗೆ ಕಳಿಸಲಿಲ್ಲ, ಬಿಸಾಡಿದರು. ಎಂಟು ತಿಂಗಳಿಗೆ ಅದೇ ಗಾಯದ ಗುರುತಿನ ಮೇಲೆ ಗಂಟು ಮತ್ತೆ ಬಂತು, ಕಂಕುಳಲ್ಲೂ ಬಂತು. ಮೊದಲ ಸಲದ್ದು ಏನು, ಎಷ್ಟು ದೊಡ್ಡದು, ಯಾವ ಜಾತಿಯದು, ಅಂಚಿನಲ್ಲಿ ಉಳಿದಿತ್ತೋ ಇಲ್ಲವೋ, ಯಾವುದಕ್ಕೂ ಉತ್ತರ ಇರಲಿಲ್ಲ. ದೊಡ್ಡಮ್ಮ ಇನ್ನೆರಡು ವರ್ಷ ಇದ್ದರು.

ಹಾಗಾಗಿ ನನ್ನ ಕೋಣೆಯಲ್ಲಿ ಒಂದು ಹಟ ಇದೆ. ಮೊದಲು ಕುರ್ಚಿ, ಆಮೇಲೆ ಸೂಜಿ, ಕೊನೆಗೆ ಕತ್ತಿ. ಕೂತು ಮಾತಾಡದೆ ಸೂಜಿ ಇಲ್ಲ, ಸೂಜಿಯ ರಿಪೋರ್ಟ್ ಬಾರದೆ ಕ್ಯಾನ್ಸರಿನ ಆಪರೇಶನ್ ಇಲ್ಲ. ನಾವು ಮಾಡುವುದು ಕೋರ್ ಬಯಾಪ್ಸಿ. ಜಾಗ ಮರಗಟ್ಟಿಸಿ, ಸ್ವಲ್ಪ ದಪ್ಪದ ಸೂಜಿಯಿಂದ ಸೇವಿಗೆ ಎಳೆಯಂಥ ತುಂಡು ತೆಗೆಯುತ್ತೇವೆ. ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅಂತ ಸದ್ದಾಗುತ್ತದೆ. ಆ ಸದ್ದನ್ನು ನಾನು ಮೊದಲೇ ಒಂದು ಸಲ ಗಾಳಿಯಲ್ಲಿ ಮಾಡಿ ಕೇಳಿಸುತ್ತೇನೆ, ಇಲ್ಲವಾದರೆ ಬೆಚ್ಚಿ ಬೀಳುತ್ತಾರೆ. ಆ ಎಳೆಯಲ್ಲಿ ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದು ಮಾತ್ರ ಅಲ್ಲ, ಅದು ಹಾರ್ಮೋನ್ ತಿಂದು ಬೆಳೆಯುವಂಥದ್ದಾ (ಇ.ಆರ್., ಪಿ.ಆರ್.), ಹರ್-2 ಅನ್ನುವ ಪ್ರೋಟೀನ್ ಇದೆಯಾ ಅಂತಲೂ ಗೊತ್ತಾಗುತ್ತದೆ. ಕೆಲವರಿಗೆ ಕೀಮೋ ಮೊದಲು ಕೊಟ್ಟು, ಗಂಟು ಕರಗಿದ ಮೇಲೆ ಆಪರೇಶನ್ ಮಾಡಿದರೆ ಒಳ್ಳೆಯದು. ಮೊದಲೇ ಕೊಯ್ದುಬಿಟ್ಟರೆ ಆ ದಾರಿ ಮುಚ್ಚಿಹೋಯಿತು.

ಪ್ರಶ್ನೆ: ಕ್ಯಾನ್ಸರ್ ಬಂದ ಸ್ತನವನ್ನು ಪೂರ್ತಿ ತೆಗೆಸಿದರೆ ಸುರಕ್ಷಿತ ಅಲ್ವಾ? ಅರ್ಧ ಉಳಿಸಿ ಯಾಕೆ ಅಪಾಯ ತಗೊಳ್ಳಬೇಕು? ನನ್ನ ಅಕ್ಕನಿಗೆ ಡಾಕ್ಟರು ಎರಡರಲ್ಲಿ ಯಾವುದು ಬೇಕೋ ಆರಿಸಿ ಅಂದಿದ್ದಾರೆ. – ಬ್ಯಾಂಕ್ ಉದ್ಯೋಗಿ, ಸುರತ್ಕಲ್

ಇದಕ್ಕೆ ಸ್ವಲ್ಪ ಉದ್ದ ಹೇಳಬೇಕು. ನನಗೆ ಇಷ್ಟದ ವಿಷಯವೂ ಹೌದು.

ಮೈಮರೆಸಿ ಆಪರೇಶನ್ ಮಾಡಿದ ದಾಖಲೆಗಳಲ್ಲಿ ತುಂಬಾ ಹಳೆಯದೊಂದು ಸ್ತನದ ಕ್ಯಾನ್ಸರಿನದೇ. 1804, ಜಪಾನ್, ಹನಾಒಕ ಸೇಯ್‌ಶೂ ಅನ್ನುವ ವೈದ್ಯ. ಮದ್ದು ಏನು ಗೊತ್ತಾ? ಉಮ್ಮತ್ತ ಗಿಡ ಮುಖ್ಯವಾಗಿ ಸೇರಿಸಿ ಮಾಡಿದ ಕಷಾಯ. ನಮ್ಮ ಗದ್ದೆಯ ಬದಿಯಲ್ಲಿ ಬೆಳೆಯುತ್ತದಲ್ಲ, ಆ ಜಾತಿಯದೇ. ಅಮೆರಿಕದಲ್ಲಿ ಮೈಮರೆಸುವ ಈಥರನ್ನು ಎಲ್ಲರೆದುರು ಮಾಡಿ ತೋರಿಸಿದ್ದು 1846ಕ್ಕೆ. (ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಅದು ವಿಷ.)

ಆಮೇಲೆ 1882ರಿಂದ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅನ್ನುವವರ ಕಾಲ. ಕ್ಯಾನ್ಸರ್ ಕೆಸುವಿನ ಬೇರಿನ ಹಾಗೆ ಪಕ್ಕಪಕ್ಕಕ್ಕೆ ಹಬ್ಬುತ್ತದೆ, ಹಾಗಾಗಿ ಎಷ್ಟು ಅಗೆದರೆ ಅಷ್ಟು ಒಳ್ಳೆಯದು ಅನ್ನುವುದು ಅವರ ಲೆಕ್ಕ. ಸ್ತನ, ಅದರ ಅಡಿಯ ಮಾಂಸಖಂಡ, ಕಂಕುಳಿನ ಗ್ರಂಥಿ ಎಲ್ಲ ಒಟ್ಟಿಗೆ ತೆಗೆಯುತ್ತಿದ್ದರು. ಪಕ್ಕೆಲುಬು ಕಾಣುತ್ತಿತ್ತು, ಕೈ ಎತ್ತಲು ಆಗುತ್ತಿರಲಿಲ್ಲ, ತೋಳು ಊದಿಕೊಳ್ಳುತ್ತಿತ್ತು. ಹತ್ತಿರ ಹತ್ತಿರ ನೂರು ವರ್ಷ ಜಗತ್ತು ಇದನ್ನೇ ಮಾಡಿತು. ಪ್ರಶ್ನೆ ಕೇಳಿದವರು ಇರಲಿಲ್ಲ ಅಂತಲ್ಲ, ಕೇಳಿದವರ ಮಾತು ನಡೆಯಲಿಲ್ಲ.

ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಮಿಲಾನ್‌ನ ಉಂಬರ್ಟೊ ವೆರೊನೆಸಿ, ಈ ಇಬ್ಬರು ಸರ್ಜನ್ನರೂ ಎಪ್ಪತ್ತರ ದಶಕದಲ್ಲಿ ಬೇರೆ ಬೇರೆಯಾಗಿ ಪರೀಕ್ಷೆಗೆ ಇಳಿದರು. ಕೆಲವು ಹೆಂಗಸರಿಗೆ ಪೂರ್ತಿ ತೆಗೆಯುವುದು, ಕೆಲವರಿಗೆ ಗಂಟಿನ ಭಾಗ ಮಾತ್ರ ತೆಗೆದು ರೇಡಿಯೇಶನ್ ಕೊಡುವುದು. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. 20 ವರ್ಷದ ಲೆಕ್ಕ 2002ರಲ್ಲಿ ಬಂತು. ಬದುಕಿ ಉಳಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಇರಲಿಲ್ಲ. ಯಾಕೆಂದರೆ ಜೀವಕ್ಕೆ ಅಪಾಯ ತರುವುದು ಸ್ತನದಲ್ಲಿ ಉಳಿದದ್ದಲ್ಲ, ರಕ್ತದಲ್ಲಿ ಮೊದಲೇ ಬೇರೆ ಕಡೆಗೆ ಹೋದದ್ದು. ಅದಕ್ಕೆ ಮದ್ದು ಬೇಕು, ಕತ್ತಿ ಸಾಲದು.

ಆದರೆ ಒಂದು ಷರತ್ತು, ಇದನ್ನು ಅಕ್ಕನಿಗೆ ಎರಡು ಸಲ ಹೇಳಿ. ಫಿಶರ್ ಅವರ ಪರೀಕ್ಷೆಯಲ್ಲಿ ಗಂಟು ಮಾತ್ರ ತೆಗೆದು ರೇಡಿಯೇಶನ್ ಕೊಡದ ಇನ್ನೊಂದು ಗುಂಪೂ ಇತ್ತು, ಅವರಲ್ಲಿ 100ಕ್ಕೆ 39 ಮಂದಿಗೆ ಅದೇ ಸ್ತನದಲ್ಲಿ ಮತ್ತೆ ಬಂತು. ತಗೊಂಡವರಲ್ಲಿ 14. ಹಾಗಾಗಿ ಉಳಿಸಿಕೊಳ್ಳುವುದಾದರೆ ರೇಡಿಯೇಶನ್‌ಗೆ ಬಂದೇ ಬರುತ್ತೇನೆ ಅನ್ನುವ ಧೈರ್ಯ ಬೇಕು. ಮೊದಲು 5 ವಾರ ಓಡಾಡಬೇಕಿತ್ತು, ಈಗ ಹೆಚ್ಚಿನವರಿಗೆ 3 ವಾರದಲ್ಲಿ ಮುಗಿಯುತ್ತದೆ. ಗಂಟು ತುಂಬಾ ದೊಡ್ಡದಿದ್ದರೆ, ಒಂದೇ ಸ್ತನದಲ್ಲಿ ದೂರ ದೂರ ಎರಡು-ಮೂರು ಕಡೆ ಇದ್ದರೆ, ಮೊದಲೇ ಎದೆಗೆ ರೇಡಿಯೇಶನ್ ಆಗಿದ್ದರೆ ಲೆಕ್ಕ ಬೇರೆ. ಆಗ ಪೂರ್ತಿ ತೆಗೆಯುವುದೇ ಸರಿ ಅಂತ ನಾನೇ ಹೇಳುತ್ತೇನೆ.

ಕಂಕುಳಿನದೂ ಹಾಗೆಯೇ. ನಾನು ಕಲಿಯುವಾಗ ಎಲ್ಲರಿಗೂ ಗ್ರಂಥಿಗಳನ್ನೆಲ್ಲ ಕೆರೆದು ತೆಗೆಯುತ್ತಿದ್ದೆವು. ಈಗ ಕಂಕುಳಲ್ಲಿ ಏನೂ ಕಾಣದಿದ್ದರೆ ನೀಲಿ ಬಣ್ಣದ ಮದ್ದು ಚುಚ್ಚಿ, ಅದು ಮೊದಲು ತಲುಪುವ ಒಂದೆರಡು ಗ್ರಂಥಿ ಮಾತ್ರ ತೆಗೆದು ನೋಡುತ್ತೇವೆ. ಅದಕ್ಕೆ ಸೆಂಟಿನೆಲ್ ನೋಡ್ ಅನ್ನುತ್ತಾರೆ, ಕಾವಲುಗಾರ ಅಂತ ಇಟ್ಟುಕೊಳ್ಳಿ. ಅಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದದ್ದನ್ನು ಮುಟ್ಟುವುದಿಲ್ಲ, ತೋಳು ಊದುವ ಕಾಟ ತುಂಬಾ ಕಡಿಮೆ. ಮರುದಿನ ಮೂತ್ರ ಹಸಿರು ನೀಲಿ ಬಂದರೆ ಗಾಬರಿಯಾಗಬೇಡಿ ಅಂತ ಮೊದಲೇ ಹೇಳಲು ಒಂದು ಸಲ ಮರೆತಿದ್ದೆ. ಬೆಳಿಗ್ಗೆ 5 ಗಂಟೆಗೆ ಇಡೀ ವಾರ್ಡು ಎದ್ದು ನಿಂತಿತ್ತು.

ಪ್ರಶ್ನೆ: ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾಗಿದೆ. ಅವರಿಗೆ ಹೇಳಿದರೆ ಕುಸಿದುಹೋಗ್ತಾರೆ. ಹೇಳಬೇಡಿ ಅಂತ ಡಾಕ್ಟರ ಹತ್ತಿರ ಕೇಳಿಕೊಳ್ಳಬಹುದಾ? – ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು (ಊರು ಕುಂದಾಪುರ)

ಕೇಳಿಕೊಳ್ಳಬಹುದು. ನಾನು ಒಪ್ಪುವುದಿಲ್ಲ, ಅಷ್ಟೇ.

ಒಪ್ಪುತ್ತಿದ್ದ ಕಾಲವೂ ಇತ್ತು. ಶುರುವಿನ ವರ್ಷಗಳಲ್ಲಿ ಒಬ್ಬರ ರಿಪೋರ್ಟ್ ಬಂದಾಗ ಗಂಡನನ್ನು ಕಾರಿಡಾರ್‌ಗೆ ಕರೆದು ಎಲ್ಲ ವಿವರಿಸಿದೆ. ಅವರು ತಲೆ ಆಡಿಸಿದರು, ಕಣ್ಣೊರೆಸಿಕೊಂಡರು, ಆಪರೇಶನ್‌ಗೆ ಸಹಿ ಹಾಕಲು ಪೆನ್ನು ಕೇಳಿದರು. ಒಳಗೆ ಹೋದರೆ ಆಯಮ್ಮ ಮಂಚದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಬಾಗಿಲಿನ ಗಾಜಿನಲ್ಲಿ ಎಲ್ಲ ಕಂಡಿತ್ತು. 'ಗಂಟು ನನ್ನದಲ್ವಾ ಡಾಕ್ಟ್ರೇ, ಸುದ್ದಿ ಯಾಕೆ ಅವರಿಗೆ?' ಅಂದರು. ಸಿಟ್ಟಿನಿಂದ ಅಲ್ಲ, ಅಂಗಡಿಯಲ್ಲಿ ಚಿಲ್ಲರೆ ತಪ್ಪಾಗಿ ಕೊಟ್ಟಾಗ ಕೇಳುವ ಹಾಗೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ರಿಪೋರ್ಟ್ ದಿನ ಹೀಗೆ ಮಾಡುತ್ತೇನೆ. ಕೊನೆಯ ಅಪಾಯಿಂಟ್‌ಮೆಂಟ್ ಕೊಡುತ್ತೇನೆ, ಹಿಂದೆ ಯಾರೂ ಕಾಯುತ್ತಿರಬಾರದು. ರೋಗಿ ನನ್ನ ಹತ್ತಿರದ ಕುರ್ಚಿಯಲ್ಲಿ, ಮನೆಯವರು ಆಚೆಯದ್ದರಲ್ಲಿ. 'ನಿಮಗೆ ಏನಾಗಿದೆ ಅಂತ ನಿಮಗೆ ಅನ್ನಿಸ್ತದೆ?' ಅಂತ ಮೊದಲು ಕೇಳುತ್ತೇನೆ. ಹತ್ತರಲ್ಲಿ ಎಂಟು ಮಂದಿಗೆ ಗೊತ್ತೇ ಇರುತ್ತದೆ. 'ಎಷ್ಟು ಹೇಳಲಿ, ಎಲ್ಲ ಹೇಳಲಾ, ಇವತ್ತಿಗೆ ಸ್ವಲ್ಪ ಸಾಕಾ?' ಅಂತಲೂ ಕೇಳುತ್ತೇನೆ. ಕೆಲವರು 'ಮಗನಿಗೆ ಹೇಳಿ, ನನಗೆ ಬೇಡ' ಅನ್ನುತ್ತಾರೆ. ಸರಿ, ಆಗ ಮಗನಿಗೆ. ಆದರೆ ಆ ಮಾತು ಅವರ ಬಾಯಿಂದ ಬರಬೇಕು, ನಿಮ್ಮ ಬಾಯಿಂದ ಅಲ್ಲ. ಒಂದು ಹಾಳೆಯಲ್ಲಿ ಚಿತ್ರ ಬಿಡಿಸುತ್ತೇನೆ, ಗಂಟು ಎಲ್ಲಿದೆ, ಎಲ್ಲಿ ಕೊಯ್ಯುತ್ತೇನೆ ಅಂತ. ನನ್ನ ಚಿತ್ರ ಕೆಟ್ಟದಾಗಿರುತ್ತದೆ, ನಗುತ್ತಾರೆ. ಆ ಹಾಳೆ ಮನೆಗೆ ಹೋಗುತ್ತದೆ, ಯಾಕೆಂದರೆ 'ಕ್ಯಾನ್ಸರ್' ಅನ್ನುವ ಶಬ್ದ ಕೇಳಿದ ಮೇಲೆ ನಾನು ಹೇಳಿದ ಏನೂ ತಲೆಗೆ ಹೋಗಿರುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ಬರಲು ಹೇಳುತ್ತೇನೆ. ಅವತ್ತೇ ಆಪರೇಶನ್ ದಿನ ಗೊತ್ತು ಮಾಡುವುದಿಲ್ಲ. ಒಂದೆರಡು ವಾರ ಯೋಚಿಸಿದರೆ ಏನೂ ಆಗುವುದಿಲ್ಲ. ಮೂರು ತಿಂಗಳು ಯೋಚಿಸಿದರೆ ಆಗುತ್ತದೆ.

ನಿಮ್ಮ ಅಮ್ಮ ಕುಂದಾಪುರದವರು ಅಂದಿರಿ. ಕುಂದಾಪುರದ ಅಮ್ಮಂದಿರು ಅಷ್ಟು ಬೇಗ ಕುಸಿಯುವುದನ್ನು ನಾನಂತೂ ನೋಡಿಲ್ಲ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಹಳ್ಳಿಯಲ್ಲಿ ಮ್ಯಾಮೋಗ್ರಾಂ ಎಲ್ಲಿಂದ? ಸುಮ್ನೆ ಕೈಯಲ್ಲಿ ಪರೀಕ್ಷೆ ಮಾಡಿದರೆ ಏನಾದರೂ ಪ್ರಯೋಜನ ಉಂಟಾ? – ಬ್ರಹ್ಮಾವರ

ಉಂಟು, ಮತ್ತು ಇದಕ್ಕೆ ನಮ್ಮ ದೇಶದ್ದೇ ಲೆಕ್ಕ ಇದೆ. ಟಾಟಾ ಆಸ್ಪತ್ರೆಯವರು 1998ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ತಗೊಂಡು ಶುರು ಮಾಡಿದರು. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ, ನಿಮ್ಮ ಹಾಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎರಡು ವರ್ಷಕ್ಕೊಮ್ಮೆ, ಕೈಯಲ್ಲಿ. 20 ವರ್ಷ ಹಿಂಬಾಲಿಸಿ 2021ರಲ್ಲಿ ಫಲಿತಾಂಶ ಕೊಟ್ಟರು. ರೋಗ ಬೇಗನೆ, ಸಣ್ಣದಿರುವಾಗಲೇ ಸಿಕ್ಕಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ ಹತ್ತಿರ ಹತ್ತಿರ 30ರಷ್ಟು ಇಳಿಯಿತು. 50ಕ್ಕಿಂತ ಕೆಳಗಿನವರಲ್ಲಿ ಹಾಗೆ ಇಳಿಯಲಿಲ್ಲ, ಅದನ್ನೂ ಹೇಳಬೇಕು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ 50 ದಾಟಿದವರನ್ನು ಬಿಡಬೇಡಿ. 'ಇನ್ನು ನನಗೇನು, ವಯಸ್ಸಾಯಿತು' ಅಂತ ತಪ್ಪಿಸಿಕೊಳ್ಳುವವರು ಅವರೇ.

ಗಂಟು ಮಾತ್ರ ನೋಡಬೇಡಿ. ಚರ್ಮ ಒಳಗೆ ಎಳೆದು ಗುಳಿ ಬಿದ್ದಿದೆಯಾ, ತೊಟ್ಟು ಹೊಸದಾಗಿ ಒಳಗೆ ಹೋಗಿದೆಯಾ, ರಕ್ತ ಬರುತ್ತಿದೆಯಾ, ಚರ್ಮ ಕಿತ್ತಳೆ ಸಿಪ್ಪೆಯ ಹಾಗಾಗಿದೆಯಾ, ಕಂಕುಳಲ್ಲಿ ಏನಾದರೂ ಸಿಗುತ್ತದಾ.

ಪ್ರಶ್ನೆ: ಆಪರೇಶನ್ ಆದ ಮೇಲೆ ಪಥ್ಯ ಏನು? ಅತ್ತೆ ಮೀನು, ಸಿಗಡಿ, ಬದನೆ ಎಲ್ಲ ನಂಜು ಅಂತಾರೆ. ಆಟಿ ತಿಂಗಳಲ್ಲಿ (ತುಳುವರ ಜುಲೈ-ಆಗಸ್ಟಿನ ಮಳೆ ತಿಂಗಳು) ಆಪರೇಶನ್ ಬೇಡ, ಗಾಯ ಒಣಗುವುದಿಲ್ಲ ಅಂತಲೂ ಹೇಳ್ತಾರೆ. – ಮೂಲ್ಕಿ

ಬಂಗುಡೆ ತಿನ್ನಿ. ಗಾಯ ಮಾಗಲು ಪ್ರೋಟೀನ್ ಬೇಕು, ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಅದು ಎಲ್ಲಿಂದ ಬರಬೇಕು? ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹಿಡಿತದಲ್ಲಿಡಿ, ಗಾಯ ಒಣಗದಿರುವುದಕ್ಕೆ ಆಟಿಗಿಂತ ಅದು ದೊಡ್ಡ ಕಾರಣ. ಸಿಗಡಿ ತಿಂದರೆ ಮೊದಲಿನಿಂದಲೂ ತುರಿಕೆ ಬರುವವರು ಬಿಡಿ, ಉಳಿದವರು ತಿನ್ನಬಹುದು. ಅತ್ತೆಯ ಹತ್ತಿರ ಜಗಳ ಮಾಡಬೇಡಿ, ಡಾಕ್ಟರು ಹೇಳಿದ್ದಾರೆ ಅನ್ನಿ. ಬೈಗುಳ ನನಗೆ ಬರಲಿ.

ಆಟಿಯಲ್ಲಿ ಬೇಡ ಅನ್ನುವವರು ಪ್ರತಿ ವರ್ಷ ಇರುತ್ತಾರೆ. ಹದಿನೈದು ದಿನದ ಮಾತಾದರೆ ನಾನೇ ಹೊಂದಿಸಿಕೊಡುತ್ತೇನೆ, ಮನಸ್ಸಿಗೆ ಸಮಾಧಾನ ಇದ್ದರೆ ಅದೂ ಒಂದು ಮದ್ದು. ಆಟಿ ಕಳೆದು ಸೋಣ, ಸೋಣ ಕಳೆದು ನವರಾತ್ರಿ, ಆಮೇಲೆ ದೀಪಾವಳಿ ಅಂತ ಹೋದರೆ ಮಾತ್ರ ಜೋರು ಮಾಡುತ್ತೇನೆ.

ಪ್ರಶ್ನೆ: ಮಗು ಆಡುವಾಗ ತಲೆಯಿಂದ ಎದೆಗೆ ಗುದ್ದಿತು, ಒಂದು ವಾರಕ್ಕೆ ಗಂಟು ಸಿಕ್ಕಿತು. ಪೆಟ್ಟಿನಿಂದ ಕ್ಯಾನ್ಸರ್ ಬರ್ತದಾ? – ಪುತ್ತೂರು

ಬರುವುದಿಲ್ಲ. ಪೆಟ್ಟು ಬಿದ್ದಾಗ ಕೈ ಅಲ್ಲಿಗೆ ಹೋಗುತ್ತದೆ, ಮೊದಲೇ ಇದ್ದದ್ದು ಸಿಗುತ್ತದೆ. ಒಂದು ಜೀವಕೋಶ ಒಂದು ಸೆಂಟಿಮೀಟರ್ ಗಂಟಾಗಲು ಸುಮಾರು 30 ಸಲ ಇಮ್ಮಡಿಯಾಗಬೇಕು, ಅದಕ್ಕೆ ಸಾಮಾನ್ಯವಾಗಿ ವರ್ಷಗಳೇ ಬೇಕು, ಒಂದು ವಾರ ಅಲ್ಲ. ಪೆಟ್ಟಿನಿಂದ ಕೊಬ್ಬು ಗಟ್ಟಿಯಾಗಿ ಗಂಟಿನ ಹಾಗೆ ಆಗುವುದೂ ಉಂಟು. ಯಾವುದಕ್ಕೂ ಸ್ಕ್ಯಾನ್ ಮಾಡಿಸಿ. ಮಗುವಿಗೆ ಬೈಯಬೇಡಿ, ಅದು ಉಪಕಾರ ಮಾಡಿರಬಹುದು.

ಪ್ರಶ್ನೆ: ಗಂಡಸರಿಗೂ ಬರ್ತದಂತೆ, ಹೌದಾ? – ಮಲ್ಪೆ

ಹೌದು. ಸ್ತನ ಕ್ಯಾನ್ಸರ್ ಬರುವ ನೂರು ಮಂದಿಯಲ್ಲಿ ಒಬ್ಬರು ಗಂಡಸು. ತೊಟ್ಟಿನ ಅಡಿಯಲ್ಲಿ ಗಟ್ಟಿಯಾದದ್ದು ಏನಾದರೂ ಸಿಕ್ಕಿದರೆ ಬನ್ನಿ. ಹೆಂಗಸರ ಸಾಲಿನಲ್ಲಿ ಕೂರಲು ನಾಚಿಕೆ ಅಂತ ಇಬ್ಬರು ತಡ ಮಾಡಿದ್ದಾರೆ, ಮೂರನೆಯವರು ನೀವಾಗಬೇಡಿ.

ಪ್ರಶ್ನೆ: ದುಡ್ಡಿನದ್ದು ಹೇಳಿ ಡಾಕ್ಟ್ರೇ. ಕ್ಯಾನ್ಸರ್ ಅಂದರೆ ಜಾಗ ಮಾರಬೇಕು ಅಂತ ಹೆದರಿಕೆ. – ಆಟೋ ಚಾಲಕ, ಮಂಗಳೂರು

ಮೊದಲು ರೇಷನ್ ಕಾರ್ಡ್ ನೋಡಿ, ಜಾಗ ಆಮೇಲೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆಪರೇಶನ್, ಕೀಮೋ, ರೇಡಿಯೇಶನ್ ಅದರಲ್ಲಿ ಇದೆ. ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಬೇಕಾದರೆ ಸರಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು, ನಿಮಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡು. ಅಡ್ಮಿಟ್ ಆಗುವ ಮೊದಲು ಚೀಟಿ ಮಾಡಿಸಿ. ದುಡ್ಡು ಕಟ್ಟಿ ಆದ ಮೇಲೆ ಕಾರ್ಡ್ ತಂದು ತೋರಿಸುವವರಿದ್ದಾರೆ, ಆಗ ನನ್ನಿಂದಲೂ ಏನೂ ಮಾಡಲಾಗುವುದಿಲ್ಲ.

ದುಬಾರಿಯಾದದ್ದೇ ಒಳ್ಳೆಯ ಮದ್ದು ಅನ್ನುವ ಭ್ರಮೆಯೂ ಬೇಡ. ಹಾರ್ಮೋನ್ ಜಾತಿಯ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆ ಅಗ್ಗದ್ದು, ದಿನಕ್ಕೊಂದು, ಕಡಿಮೆ ಅಂದರೆ 5 ವರ್ಷ. ಇಷ್ಟು ಜೀವ ಉಳಿಸಿದ ಮಾತ್ರೆಯನ್ನು 'ಗುಣ ಆಯ್ತಲ್ಲ' ಅಂತ ಎರಡನೇ ವರ್ಷಕ್ಕೆ ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹರ್-2 ಇರುವವರಿಗೆ ಬೇಕಾದ ಟ್ರಾಸ್ಟುಜುಮ್ಯಾಬ್ ಒಂದು ಕಾಲದಲ್ಲಿ ಹೆಸರು ಹೇಳಲೂ ಹೆದರುವಷ್ಟು ದುಬಾರಿ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಅದರ ಭಾರತೀಯ ರೂಪ ತಂದ ಮೇಲೆ ಬೆಲೆ ಇಳಿಯುತ್ತಾ ಬಂತು. 2023ರಲ್ಲಿ ಟಾಟಾ ಆಸ್ಪತ್ರೆಯವರು ಇನ್ನೊಂದು ತೋರಿಸಿದರು. ಕೊಯ್ಯುವ ಸ್ವಲ್ಪ ಮೊದಲು ಗಂಟಿನ ಸುತ್ತ ಲಿಡೋಕೇನ್ ಚುಚ್ಚುವುದು, ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಆ ಜಾತಿಯದೇ ಮದ್ದು. 1600 ಹೆಂಗಸರ ಪರೀಕ್ಷೆಯಲ್ಲಿ 5 ವರ್ಷದ ನಂತರ ಬದುಕಿದ್ದವರು ಚುಚ್ಚದವರಲ್ಲಿ ನೂರಕ್ಕೆ 86, ಚುಚ್ಚಿದವರಲ್ಲಿ 90. ಖರ್ಚು ನೂರು ರೂಪಾಯಿಯ ಒಳಗೆ.

ಪ್ರಶ್ನೆ: ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೇನೆ. ನಿಮ್ಮ ಹಾಗೆ ಆಗಬೇಕು. ಎಷ್ಟು ವರ್ಷ ಓದಬೇಕು? – ವಿದ್ಯಾರ್ಥಿನಿ, ಮಣಿಪಾಲ

ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದಲ್ಲಿ ಎಂಬಿಬಿಎಸ್, ಆಮೇಲೆ ಜನರಲ್ ಸರ್ಜರಿಯಲ್ಲಿ ಎಂ.ಎಸ್. 3 ವರ್ಷ. ಮುಂದೆ ಸರ್ಜಿಕಲ್ ಆಂಕಾಲಜಿಯಲ್ಲಿ (ಅಂದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆ) ಎಂ.ಸಿಎಚ್. ಇನ್ನೊಂದು 3 ವರ್ಷ, ಇಲ್ಲವೇ ಸ್ತನದ ಶಸ್ತ್ರಚಿಕಿತ್ಸೆಗೇ ಇರುವ ಫೆಲೋಶಿಪ್. ಮುಗಿಯುವಾಗ ಮನೆಯಲ್ಲಿ ಮದುವೆ ಮಾತು ಶುರುವಾಗಿ ನಿಂತೂ ಹೋಗಿರುತ್ತದೆ.

ಕೈಚಳಕ ಕಲಿಯಬಹುದು, ಅದು ಅಭ್ಯಾಸ. ಈಗಲೇ ಒಂದು ಕೆಲಸ ಮಾಡಿ. ವಾರ್ಡಿನಲ್ಲಿ ಪರೀಕ್ಷೆ ಮಾಡುವ ಮೊದಲು ರೋಗಿಯ ಹತ್ತಿರ ಬಟ್ಟೆ ಹಾಕಿಕೊಂಡಿರುವಾಗಲೇ ಹೆಸರು, ಊರು, ಮನೆ ಎಲ್ಲ ಮಾತಾಡಿ ಮುಗಿಸಿ. ಆಮೇಲೆ ಕೇಳಿ, ಪರದೆ ಎಳೆಯಿರಿ, ಒಂದು ಬದಿ ನೋಡುವಾಗ ಇನ್ನೊಂದು ಬದಿಗೆ ಬಟ್ಟೆ ಹೊದಿಸಿ, ಕೈ ಬೆಚ್ಚಗೆ ಮಾಡಿಕೊಂಡು ಮುಟ್ಟಿ. ಅರ್ಧ ಬಟ್ಟೆಯಲ್ಲಿ ಕೂರಿಸಿ ಕಾಯಿಲೆಯ ಚರಿತ್ರೆ ಕೇಳುವುದನ್ನು ನಾನೂ ಮಾಡಿದ್ದೇನೆ, ನನಗೆ ಹಾಗೆಯೇ ಕಲಿಸಿದ್ದರು. ತುಳು, ಕೊಂಕಣಿ, ಬ್ಯಾರಿ, ಮೂರರಲ್ಲೂ 'ನೋವಾಗ್ತದಾ?' ಅಂತ ಕೇಳಲು ಬರಲಿ. ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ.

ಪ್ರಶ್ನೆ: ನನಗೆ ಕಳೆದ ವರ್ಷ ಒಂದು ಬದಿ ಪೂರ್ತಿ ತೆಗೆದಿದ್ದಾರೆ. ಮಗಳ ಮದುವೆ ಹತ್ತಿರ ಬಂತು, ರವಿಕೆ ಹೊಲಿಸಲು ಹೋಗಲಿಕ್ಕೇ ಮನಸ್ಸಾಗ್ತಿಲ್ಲ. – ಕಾರ್ಕಳ

ನಮಗೆ ಸರ್ಜನ್‌ಗಳಿಗೆ ಹೊಲಿಗೆ ಹಾಕಿದ ಮೇಲೆ ಕೆಲಸ ಮುಗಿಯಿತು ಅನ್ನುವ ಅಹಂಕಾರ ಉಂಟು. ನಿಮ್ಮ ಕಷ್ಟ ಶುರುವಾಗುವುದು ಅಲ್ಲಿಂದ. ಸ್ತನವನ್ನು ಮತ್ತೆ ಕಟ್ಟುವ ಆಪರೇಶನ್ ವರ್ಷಗಳ ನಂತರವೂ ಮಾಡಬಹುದು, ಬೇಕು ಅನ್ನಿಸಿದರೆ ಕೇಳಿ. ಬೇಡ ಅನ್ನಿಸಿದರೆ ಅದೂ ಸರಿ.

ಮದುವೆಗೆ ಈಗಲೇ ಆಗುವಂಥದ್ದು ಹೇಳುತ್ತೇನೆ. ಸಿಲಿಕೋನ್‌ನ ಕೃತಕ ಸ್ತನ ಸಿಗುತ್ತದೆ, ಬ್ರಾದ ಒಳಗೆ ಇಟ್ಟುಕೊಳ್ಳುವಂಥದ್ದು. ಬೆಲೆ ಜಾಸ್ತಿ ಅನ್ನಿಸಿದರೆ ಮನೆಯಲ್ಲೇ ಹತ್ತಿ ಬಟ್ಟೆಯ ಚೀಲ ಹೊಲಿದುಕೊಳ್ಳಬಹುದು. ಬರೀ ಹತ್ತಿ ತುಂಬಿದರೆ ಮೇಲಕ್ಕೆ ಏರಿ ಬರುತ್ತದೆ, ಸ್ವಲ್ಪ ತೂಕದ್ದು ಏನಾದರೂ ಸೇರಿಸಬೇಕು. ಎರಡೂ ಬದಿ ತೂಕ ಒಂದೇ ಆದರೆ ಭುಜಕ್ಕೂ ಒಳ್ಳೆಯದು. ಟೈಲರ್ ಹೆಂಗಸಾದರೆ ವಿಷಯ ಹೇಳಿಬಿಡಿ, ರವಿಕೆಯ ಒಳಗೆ ಒಂದು ಜೇಬು ಇಟ್ಟು ಹೊಲಿಯಲು ಅವರಿಗೆ ಹತ್ತು ನಿಮಿಷದ ಕೆಲಸ. ಕುತ್ತಿಗೆ ಸ್ವಲ್ಪ ಮೇಲೆ ಇಡಲಿ, ಕಂಕುಳ ಸಡಿಲ ಇರಲಿ.

ತೂಕಕ್ಕೆ ಏನು ಅಂತ ಕೇಳಿದರೆ, ನನ್ನ ಹತ್ತಿರ ಬರುವ ಹೆಬ್ರಿ ಕಡೆಯ ಒಬ್ಬರು ರಾಗಿ ತುಂಬಿಸಿದ್ದರು. ಎರಡು ಬೇಸಿಗೆ ಚೆನ್ನಾಗಿಯೇ ನಡೆಯಿತು. ಜುಲೈಯಲ್ಲಿ ಚೆಕಪ್‌ಗೆ ಬಂದವರು ಕುರ್ಚಿಯಲ್ಲಿ ಕೂತು ನಗುವುದಕ್ಕೇ ಶುರು ಮಾಡಿದರು, ಹೇಳಲಿಕ್ಕೇ ಆಗುತ್ತಿಲ್ಲ. ಮಳೆಯಲ್ಲಿ ನೆನೆದು ಬಂದು ಹಾಗೇ ತೆಗೆದಿಟ್ಟದ್ದು ಮೊಳಕೆ ಬಂದಿತ್ತಂತೆ. ಈಗ ಸಾಸಿವೆ ತುಂಬಿಸುತ್ತಾರೆ, ಹುರಿದು.